ಕಾಫಿ ತೂಗಿದವರು

ಸಂಜೆ ನಾಲ್ಕೂವರೆ ಕಳೆದರೆ ಸಾಕು, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಫಿ ಸಾಲುಗಳ ಒಳಗೆ ಮಬ್ಬು ಕವಿಯುತ್ತದೆ. ಮೇಲೆ ಸಿಲ್ವರ್ ಓಕ್ ಮರಗಳ ತುದಿಯಲ್ಲಿ ಬಿಸಿಲು ಇನ್ನೂ ಇರುತ್ತದೆ. ಕೆಳಗೆ ಮಾತ್ರ ಹಣ್ಣು ಯಾವುದು, ಕಾಯಿ ಯಾವುದು ಎಂದು ಬೆರಳಿಗಷ್ಟೇ ಗೊತ್ತಾಗುವ ಹೊತ್ತು. ಡಿಸೆಂಬರ್ ತಿಂಗಳು, ಅರೇಬಿಕಾ ಕುಯ್ಲು. ಮೇಸ್ತ್ರಿ ದೂರದಿಂದ ಕೂಗು ಹಾಕಿದ ಮೇಲೆ ಗಿಡಗಳ ನಡುವಿನಿಂದ ಒಬ್ಬೊಬ್ಬರೇ ರಸ್ತೆಗೆ ಇಳಿಯುತ್ತಾರೆ. ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಬಿಗಿದಿದ್ದಾರೆ. ಮುಳ್ಳಿಗಿಂತ ಹೆಚ್ಚಾಗಿ ಚಗಳಿಗೆ ಹೆದರಿ ಹಾಕಿಕೊಂಡ ಅಂಗಿ ಅದು. ಕೊಂಬೆ ಬಗ್ಗಿಸಿದ ಕೂಡಲೇ ಎಲೆಗೂಡಿನಿಂದ ಆ ಕೆಂಪಿರುವೆಗಳು ಕತ್ತಿನೊಳಕ್ಕೆ ಸುರಿದರೆ ಉರಿ ತಡೆಯಲಾಗುವುದಿಲ್ಲ.

ಕಣದ ಪಕ್ಕ ಟಾರ್ಪಾಲು ಹಾಸಿದೆ. ಅವರವರ ಚೀಲ ಅವರವರೇ ಸುರಿದುಕೊಂಡು ಕುಕ್ಕರಗಾಲಲ್ಲಿ ಕೂತು ಹಸಿರು ಕಾಯಿ, ಎಲೆ, ಕಡ್ಡಿ ಆರಿಸಿ ಪಕ್ಕಕ್ಕೆ ಹಾಕುತ್ತಾರೆ. ಹಣ್ಣಿನ ಸಿಹಿ ಅಂಟಿಗೆ ಮಣ್ಣು ಮೆತ್ತಿ ಬೆರಳುಗಳೆಲ್ಲ ಕಪ್ಪಗಾಗಿವೆ. ಆ ಕಪ್ಪು ಸೋಪಿಗೆ ಹೋಗುವುದಿಲ್ಲ; ಕುಯ್ಲು ಮುಗಿದ ಎಷ್ಟೋ ದಿನದ ಮೇಲೆ ತಾನಾಗಿ ಬಿಡುತ್ತದೆ. ಮೂರು ಗಳ ಸೇರಿಸಿ ಕಟ್ಟಿದ ಕವೆಗೆ ತಕ್ಕಡಿ ತೂಗುಬಿದ್ದಿದೆ. ಪಕ್ಕದಲ್ಲಿ ರೈಟರು, ಕೈಯಲ್ಲಿ ಪುಸ್ತಕ. ಒಂದೊಂದೇ ಮೂಟೆ ಕೊಕ್ಕೆಗೆ ಏರುತ್ತದೆ.

'ಮೂವತ್ತೆಂಟೂವರೆ.'

'ಇನ್ನೊಂದ್ಸಲ ನೋಡಿ ರೈಟ್ರೇ, ಮುಳ್ಳು ನಿಂತೇ ಇಲ್ಲ.'

'ಗೋಣಿ ತೂಕ ಕಳೀಬೇಕಲ್ಲ ಅಕ್ಕ.'

'ಬೆಳಿಗ್ಗೆ ಚೀಲಕ್ಕೂ ಕಳೆದ್ರಿ, ಈಗ್ಲೂ ಕಳೀತೀರಿ. ಅದೇನು ಕಲ್ಲಿನ ಗೋಣಿಯಾ?'

ಸುತ್ತ ನಿಂತವರು ನಗುತ್ತಾರೆ. ಆದರೆ ಆಕೆ ನಗುವುದಿಲ್ಲ. ಅಕ್ಷರ ಬಾರದ ಆಕೆಯ ತಲೆಯಲ್ಲಿ ಸೋಮವಾರದಿಂದ ಇಂದಿನವರೆಗಿನ ಕೇಜಿಗಳೆಲ್ಲ ಸಾಲಾಗಿ ಕೂತಿವೆ. ಶನಿವಾರ ಬಟವಾಡೆಯಲ್ಲಿ ಪುಸ್ತಕದ ಲೆಕ್ಕವೂ ಆಕೆಯ ಲೆಕ್ಕವೂ ತಾಳೆಯಾಗದಿದ್ದರೆ ಪುಸ್ತಕವೇ ತಿದ್ದಿಕೊಳ್ಳಬೇಕಾಗುತ್ತದೆ. ಕುಯ್ಲಿನ ದಿನಗಳಲ್ಲಿ ಎಷ್ಟೋ ತೋಟಗಳಲ್ಲಿ ಕೂಲಿ ದಿನದ ಲೆಕ್ಕಕ್ಕಲ್ಲ, ಕೇಜಿಯ ಲೆಕ್ಕಕ್ಕೆ. ಹಾಗಾಗಿ ಆ ಮುಳ್ಳು ಅರ್ಧ ಕೇಜಿ ಅತ್ತ ವಾಲಿದರೂ ಇತ್ತ ವಾಲಿದರೂ ಅದು ಮನೆಯ ಅಕ್ಕಿಯ ಮಾತು.

ಕಾಫಿಯ ಚರಿತ್ರೆಯನ್ನು ಬಾಬಾಬುಡನ್‌ನಿಂದ ಶುರು ಮಾಡುವುದು ವಾಡಿಕೆ. ನನಗೆ ಅದನ್ನು ಈ ತಕ್ಕಡಿಯಿಂದ ಶುರು ಮಾಡಬೇಕು ಅನ್ನಿಸುತ್ತದೆ. ಮಲೆನಾಡಿನ ಈ ಬೆಳೆ ಯಾವ ಕಾಲದಲ್ಲೂ ಬೆಳೆದವರ ಅಳತೆಯಲ್ಲಿ ಮಾರಿಹೋಗಿಲ್ಲ. ಅಳೆಯುವ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಾ ಬಂದದ್ದೇ ಇದರ ಕಥೆ.

ಹಾಗೆ ನೋಡಿದರೆ ಬಾಬಾಬುಡನ್ ಐತಿಹ್ಯವೂ ವ್ಯಾಪಾರದ್ದೇ. 17ನೇ ಶತಮಾನದಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್‌ನ ಮೋಖಾ ಬಂದರಿನಿಂದ ಆ ಸೂಫಿ ಸಂತ ಏಳು ಬೀಜ ಬಚ್ಚಿಟ್ಟು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರಂತೆ. ಬಚ್ಚಿಡಬೇಕಾಗಿ ಬಂದದ್ದೇಕೆ? ಮೊಳೆಯುವ ಬೀಜ ಹೊರಗೆ ಹೋಗದಂತೆ ಅರಬ್ ವರ್ತಕರು ಕಾವಲು ಕಾಯುತ್ತಿದ್ದರು. ಲೋಕಕ್ಕೆಲ್ಲ ಕಾಫಿ ಮಾರಬೇಕು, ಗಿಡ ಮಾತ್ರ ತಮ್ಮಲ್ಲೇ ಇರಬೇಕು ಎಂಬುದು ಅವರ ಹಟ. ಆ ಹಟ ಮುರಿದ ಬೀಜ ಗಿರಿಯ ಇಳಿಜಾರಿನಲ್ಲಿ ಬಹಳ ಕಾಲ ಹಿತ್ತಲ ಗಿಡವಾಗಿ ಬೆಳೆಯಿತು. ಆಗಲೂ ಅಳೆಯುವವರು ಬೇರೆ ಇದ್ದರು. ಮೈಸೂರು ಸರ್ಕಾರ ಮೊದಲು ಫಸಲಿನಲ್ಲಿ ಅರ್ಧ ಪಾಲು ಎತ್ತುತ್ತಿತ್ತು. ಮುಂದೆ ಪಾಲು ಬಿಟ್ಟು ಮಣಕ್ಕೆ ಇಷ್ಟು ಎಂದು 'ಹಾಲತ್' ಸುಂಕ ಹಾಕಿತು. ಆ ಸುಂಕ ಇಳಿದ ಹಾಗೆಲ್ಲ ಕಾಫಿ ಬೆಟ್ಟದಿಂದ ಕೆಳಗಿಳಿದು ಕಾಡಿಗೆ ಹಬ್ಬಿತು.

19ನೇ ಶತಮಾನದ ಪೂರ್ವಾರ್ಧದಲ್ಲಿ ಚಿಕ್ಕಮಗಳೂರು ಸೀಮೆಗೆ ಥಾಮಸ್ ಕ್ಯಾನನ್ ಬಂದ. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ತೋಟ ತೆರೆದ. ಮಂಜರಾಬಾದ್ ಕಡೆ ರಾಬರ್ಟ್ ಎಲಿಯಟ್ ನೆಲೆ ನಿಂತು, ಪ್ಲಾಂಟರ್ ಬದುಕಿನ ಬಗ್ಗೆ ಪುಸ್ತಕಗಳನ್ನೇ ಬರೆದ. ಆ ಪುಸ್ತಕಗಳಲ್ಲಿ ಬೇಟೆ ಇದೆ, ಜ್ವರ ಇದೆ, ಲಂಡನ್ನಿನ ಮಾರುಕಟ್ಟೆ ಇದೆ. ಕಾಡು ಕಡಿದವರ, ಗುಂಡಿ ತೋಡಿದವರ ಹೆಸರು ಸಿಗುವುದು ಅಪರೂಪ. ಘಟ್ಟದ ಕೆಳಗಿನಿಂದ, ಮೈಸೂರು–ಹಾಸನದ ಬಯಲಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತರುತ್ತಿದ್ದರು. ಮುಂಗಡ ತೀರುವವರೆಗೆ ಊರಿಗೆ ಹೋಗುವ ಹಾಗಿಲ್ಲ. 1859ರ ಕಾನೂನೊಂದು ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಜೈಲಿಗೆ ಕಳಿಸಬಹುದು ಎಂದಿತ್ತು. ಸಾಲ ಮಾಡಿದ ದೊರೆ ದಿವಾಳಿ ಎದ್ದು ಹಡಗು ಹತ್ತಬಹುದಿತ್ತು. ಹತ್ತು ರೂಪಾಯಿ ಮುಂಗಡ ತಿಂದ ಕೂಲಿ ಓಡಿದರೆ ಅಪರಾಧಿ. ಕೂಲಿಗಳು ಇರುವ ಲೈನ್ ಮನೆಗಳಿಗೆ, ನೀರಿಗೆ, ಬಾಣಂತಿಯರ ರಜೆಗೆ, ಕೂಸುಗಳನ್ನು ನೋಡಿಕೊಳ್ಳುವ ಕೋಣೆಗೆ ಕಾನೂನಿನ ಆಸರೆ ಸಿಕ್ಕಿದ್ದು 1951ರ ಪ್ಲಾಂಟೇಶನ್ ಲೇಬರ್ ಆ್ಯಕ್ಟ್ ಬಂದ ಮೇಲೆ. ಅಂದರೆ ಬಿಳಿ ಪ್ಲಾಂಟರುಗಳು ಬಂದು ನೂರು ವರ್ಷ ದಾಟಿದ ನಂತರ.

ಕಾಡು ಮಾತ್ರ ಬೇಗ ತಿರುಗಿಬಿತ್ತು. 1869ರಲ್ಲಿ ಸಿಂಹಳದ ತೋಟಗಳಲ್ಲಿ ಎಲೆಯ ಅಡಿಗೆ ಕಿತ್ತಳೆ ಬಣ್ಣದ ಹುಡಿ ಕಾಣಿಸಿಕೊಂಡಿತು. ಎಲೆ ತುಕ್ಕು ರೋಗ. ಮುಂದಿನ ಎರಡು ದಶಕಗಳಲ್ಲಿ ಆ ದ್ವೀಪ ಕಾಫಿ ಬಿಟ್ಟು ಚಹಾಕ್ಕೆ ಹೊರಳಿತು. ರೋಗ ಇಲ್ಲಿಗೂ ಬಂತು. ಜೊತೆಗೆ ಕಾಂಡ ಕೊರೆಯುವ ಬೋರರ್ ಹುಳು. ಮರಗಳನ್ನೆಲ್ಲ ಬೋಳಿಸಿ ಬಿಸಿಲಿಗೆ ಕಾಫಿ ಹಾಕಿದ್ದ ಕಡೆ ಹುಳು ಸಾಲುಸಾಲಾಗಿ ಗಿಡ ಮುಗಿಸಿತು. ನೆರಳಿದ್ದ ಕಡೆ ಗಿಡ ಉಳಿಯಿತು. ಇಂದು ನಾವು ಮಲೆನಾಡಿನ ತೋಟದಲ್ಲಿ ಹಾಲುವಾಣ, ಅತ್ತಿ, ಬಸರಿ, ಮರಕ್ಕೆ ತಬ್ಬಿದ ಮೆಣಸಿನ ಬಳ್ಳಿ ನೋಡಿ 'ಎಷ್ಟು ಚೆಂದ' ಎನ್ನುತ್ತೇವೆ. ಆ ನೆರಳಿನ ಹಿಂದೆ ಇರುವುದು ಚೆಂದದ ಯೋಚನೆಯಲ್ಲ, ಪೆಟ್ಟು ತಿಂದು ಕಲಿತ ಪಾಠ. ರೋಗ ತಡೆಯುವ ತಳಿಗಾಗಿ ಹುಡುಕಾಟವೂ ಹಾಗೇ ಶುರುವಾಯಿತು. ಗಟ್ಟಿಮುಟ್ಟಾದ ರೊಬಸ್ಟಾ ಬಂತು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಅಲ್ಲಿಂದ ಹೊರಬಂದ ಎಸ್ 795 ತಳಿಯ ಗಿಡ ಇವತ್ತಿಗೂ ಅರೇಬಿಕಾ ತೋಟಗಳಲ್ಲಿ ಎಲ್ಲೆಲ್ಲೂ ಕಾಣುತ್ತದೆ.

ಮತ್ತೆ ಆ ಸಂಜೆಯ ಕಣಕ್ಕೆ ಬಂದರೆ, ತೂಗಿದ ಹಣ್ಣು ಅದೇ ರಾತ್ರಿ ಪಲ್ಪರ್‌ಗೆ ಹೋಗಬೇಕು. ಮಾರನೆಯ ದಿನಕ್ಕೆ ಬಿಟ್ಟರೆ ಕಾವು ಏರಿ ಹುಳಿ ವಾಸನೆ ಹಿಡಿಯುತ್ತದೆ. ಯಂತ್ರ ಒಂದು ಕಡೆಯಿಂದ ಕೆಂಪು ಸಿಪ್ಪೆ ಉಗುಳಿದರೆ ಇನ್ನೊಂದು ಕಡೆಯಿಂದ ಲೋಳೆ ಮೆತ್ತಿದ ಬೀಜ ತೊಟ್ಟಿಗೆ ಜಾರುತ್ತದೆ. ಒಂದು ದಿನ, ಚಳಿ ಹೆಚ್ಚಿದ್ದರೆ ಒಂದೂವರೆ ದಿನ ಅದು ಅಲ್ಲೇ ಹುದುಗಬೇಕು. ಲೋಳೆ ಬಿಟ್ಟಿತೋ ಇಲ್ಲವೋ ನೋಡುವುದು ಕೈಯಿಂದಲೇ. ಒಂದು ಮುಷ್ಟಿ ಬೀಜ ತೊಳೆದು ಹಿಂಡಿದರೆ ನದಿಯ ಸಣ್ಣ ಕಲ್ಲಿನಂತೆ ಚರಚರ ಸದ್ದು ಬರಬೇಕು, ಜಾರಬಾರದು. ಆಮೇಲೆ ತೊಳೆದು ಕಣಕ್ಕೆ. ಬಿಸಿಲಿಗೆ ಹರವಿ, ಗಂಟೆಗೊಮ್ಮೆ ಮರದ ಹಲಗೆಯಿಂದ ಕೆದರಿ, ಸಂಜೆ ಗುಡ್ಡೆ ಮಾಡಿ ಮುಚ್ಚಿ, ಇಬ್ಬನಿಯಿಂದ ಕಾಯ್ದು, ಬೆಳಿಗ್ಗೆ ಮತ್ತೆ ಹರವಬೇಕು. ಹೀಗೆ ಒಳಹೊಟ್ಟಿನ ಸಮೇತ ಒಣಗಿದ ಬೀಜಕ್ಕೆ ಪಾರ್ಚ್‌ಮೆಂಟ್ ಎಂದು ಹೆಸರು. ಒಣಗಿದ ಪಾರ್ಚ್‌ಮೆಂಟಿನಲ್ಲಿ ತೇವ ನೂರಕ್ಕೆ ಹತ್ತರ ಆಸುಪಾಸಿಗೆ ಇಳಿಯಬೇಕು. ಈಗ ಅಳೆಯಲು ಮೀಟರ್ ಇದೆ. ಹಳಬರು ಒಂದು ಬೀಜ ಹಲ್ಲಿಗೆ ಕೊಟ್ಟು ಕಚ್ಚಿ ನೋಡುತ್ತಾರೆ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಅದು ಚೆರಿ. ರೊಬಸ್ಟಾ ಬಹುಪಾಲು ಹೀಗೇ ಒಣಗುವುದು.

ಇಷ್ಟಾದರೂ ಬೆಳೆಗಾರ ತಾನು ಬೆಳೆದ ಕಾಫಿಯ ಅಸಲಿ ಮುಖ ನೋಡಿರುವುದಿಲ್ಲ. ಹೊಟ್ಟು ಬಿಡಿಸಿ, ಹೊಳಪು ಕೊಟ್ಟು, ಜಾಲರಿಯಲ್ಲಿ ಗಾತ್ರದ ಪ್ರಕಾರ ಎಎ, ಎ, ಬಿ, ಸಿ ಎಂದು ಬೇರ್ಪಡಿಸಿ, ಒಂಟಿ ಬೀಜದ ಪಿಬಿಯನ್ನು ಬೇರೆ ಮಾಡುವ ಕೆಲಸ ಕ್ಯೂರಿಂಗ್ ವರ್ಕ್ಸ್‌ನದು. ಚಿಕ್ಕಮಗಳೂರು, ಹಾಸನ, ಹುಣಸೂರು, ಮಂಗಳೂರುಗಳಲ್ಲಿ ಇವು ಊರಿನ ಬದುಕನ್ನೇ ನಡೆಸಿದವು. ಮಂಗಳೂರಿನಲ್ಲಿ ವಿದೇಶಿ ಕಂಪನಿಗಳು ಕಟ್ಟಿದ ದೊಡ್ಡ ದೊಡ್ಡ ಗೋದಾಮುಗಳಿದ್ದವು. ಕಾಫಿ ಘಟ್ಟ ಇಳಿದು ಎತ್ತಿನ ಗಾಡಿಯಲ್ಲಿ ಅಲ್ಲಿಗೆ ಬರುತ್ತಿತ್ತು. ಅಲ್ಲಿ ಒಂದು ಸೊಗಸಾದ ಕಥೆ ಚಾಲ್ತಿಯಲ್ಲಿದೆ. ಸೂಯೆಜ್ ಕಾಲುವೆ ತೆರೆಯುವ ಮೊದಲು, ಅಂದರೆ 1869ಕ್ಕೂ ಹಿಂದೆ, ಹಾಯಿಹಡಗು ಆಫ್ರಿಕಾ ಸುತ್ತಿ ಯುರೋಪು ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಉಪ್ಪುಗಾಳಿಯ ತೇವ ಕುಡಿದು ಬೀಜ ಉಬ್ಬಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಹುಳಿ ಇಳಿದು ರುಚಿ ಮೆತ್ತಗಾಗುತ್ತಿತ್ತು. ಕಾಲುವೆ ಬಂದು ಪ್ರಯಾಣ ಚಿಕ್ಕದಾದ ಮೇಲೆ ಉತ್ತರ ಯುರೋಪಿನ ಗಿರಾಕಿಗಳು 'ನಮಗೆ ಹಳೆಯ ಕಾಫಿಯೇ ಬೇಕು' ಎಂದರಂತೆ. ವರ್ತಕರು ಆಗ ಮಳೆಗಾಲದ ಗಾಳಿಗೆ ತೆರೆದ ಗೋದಾಮಿನಲ್ಲಿ ಬೀಜ ಹರವಿ, ಕೆದರಿ, ಚೀಲ ಬದಲಿಸಿ, ಅದೇ ಬಣ್ಣ, ಅದೇ ರುಚಿ ಬರಿಸಿದರು. ಇವತ್ತಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗೋದಾಮುಗಳಲ್ಲಿ ಆ ಕೆಲಸ ನಡೆಯುತ್ತದೆ. 'ಮಾನ್ಸೂನ್ಡ್ ಮಲಬಾರ್' ಎಂಬ ಹೆಸರಿನಲ್ಲಿ ಅದು ಹೊರದೇಶಕ್ಕೆ ಹೋಗುತ್ತದೆ.

ಕ್ಯೂರಿಂಗ್ ವರ್ಕ್ಸ್ ಎಂದರೆ ನನ್ನ ಕಣ್ಣ ಮುಂದೆ ಬರುವುದು ಯಂತ್ರವಲ್ಲ, ಗಾರ್ಬ್ಲಿಂಗ್ ಹಾಲ್. ಎತ್ತರದ ಹೆಂಚಿನ ಮಾಡು, ಗಾಜಿನ ಹೆಂಚಿನಿಂದ ಬೀಳುವ ಬೆಳಕು, ನೆಲದ ಮೇಲೆ ಸಾಲಾಗಿ ಕೂತ ಹೆಂಗಸರು, ಒಬ್ಬೊಬ್ಬರ ಮುಂದೆ ಒಂದು ಕಾಫಿ ಗುಡ್ಡೆ. ಕರಿ ಬೀಜ, ಒಡೆದ ಬೀಜ, ಹುಳು ತೂತು ಮಾಡಿದ್ದು, ಬಿಳಿಚಿಕೊಂಡದ್ದು ಎಲ್ಲವನ್ನೂ ಕಣ್ಣಿನಲ್ಲೇ ಹಿಡಿದು ಬೆರಳಿನಲ್ಲಿ ಎತ್ತಿ ಹಾಕಬೇಕು. ತಲೆ ಎತ್ತದೆ ಮಾತು ನಡೆಯುತ್ತಿತ್ತು. ಮದುವೆ, ಬಾಣಂತನ, ಸಾಲ, ಎಲ್ಲವೂ. ತಾಯಿ ಕೂತ ಜಾಗದಲ್ಲಿ ಮಗಳು ಬಂದು ಕೂತಳು. ಅವರ ಕಣ್ಣು ಹಾದುಹೋದ ಕಾಫಿಯೇ ಪರದೇಶದ ಅಂಗಡಿಗೆ ಹೋದದ್ದು. ಈಗ ಬಣ್ಣ ಗುರುತಿಸುವ ಯಂತ್ರ ಗಾಳಿ ಊದಿ ಕೆಟ್ಟ ಬೀಜವನ್ನು ಹಾರಿಸುತ್ತದೆ. ಹಾಲ್‌ಗಳು ಖಾಲಿಯಾಗಿವೆ. ಭಾರತದ ಕಾಫಿಗೆ ಲೋಕದಲ್ಲಿ ಸಿಕ್ಕ ಒಳ್ಳೆಯ ಹೆಸರಿನಲ್ಲಿ ಈ ಹೆಂಗಸರ ಪಾಲು ದೊಡ್ಡದು. ಆ ಪಾಲಿನ ಲೆಕ್ಕ ಯಾರೂ ಇಟ್ಟಿಲ್ಲ ಎಂಬುದು ನನಗೆ ನೋವಿನ ವಿಷಯ.

1930ರ ದಶಕದ ಆರ್ಥಿಕ ಕುಸಿತ ಬೆಳೆಗಾರರನ್ನು ಹಣ್ಣುಮಾಡಿತು. ಎರಡನೇ ಮಹಾಯುದ್ಧ ಶುರುವಾದಾಗ ಯುರೋಪಿನ ಬಾಗಿಲೂ ಮುಚ್ಚಿತು. ಗೋದಾಮಿನಲ್ಲಿ ಕಾಫಿ, ಕೊಳ್ಳುವವರಿಲ್ಲ. 1940ರಲ್ಲಿ ಸರ್ಕಾರ ಮಂಡಳಿ ರಚಿಸಿತು. 1942ರ ಕಾಯಿದೆ ಅದನ್ನು ಗಟ್ಟಿಮಾಡಿತು. ಬೆಂಗಳೂರಿನ ಕಾಫಿ ಬೋರ್ಡ್ ಹುಟ್ಟಿದ್ದು ಹೀಗೆ. ಅಲ್ಲಿಂದ ಮುಂದೆ ಅರ್ಧ ಶತಮಾನ ತಕ್ಕಡಿ ಬೋರ್ಡಿನ ಕೈಯಲ್ಲಿತ್ತು. ಬೆಳೆಗಾರ ತನ್ನ ಫಸಲನ್ನೆಲ್ಲ 'ಪೂಲ್‌'ಗೆ ಒಪ್ಪಿಸಬೇಕು. ಮನೆಯ ಬಳಕೆಗೆ, ಬಿತ್ತನೆಗೆ ಎಂದು ಬಿಟ್ಟುಕೊಟ್ಟಷ್ಟು ಮಾತ್ರ ಅವನದು. ದರ್ಜೆಗೆ ತಕ್ಕಂತೆ ಪಾಯಿಂಟು. ಎಲ್ಲರ ಕಾಫಿ ಸೇರಿ ಹರಾಜಾಗಿ, ಬಂದ ಹಣವನ್ನು ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಹಂಚುತ್ತಿದ್ದರು. ಕೊನೆಯ ಕಂತು ಕೈಸೇರುವಾಗ ಆ ವರ್ಷದ ಮಗು ನಡೆಯಲು ಕಲಿತಿರುತ್ತಿತ್ತು. ತಾನು ಬೆಳೆದ ಕಾಫಿಯನ್ನು ಪರವಾನಗಿ ಇಲ್ಲದೆ ಜೀಪಿನಲ್ಲಿ ಸಾಗಿಸಿದರೆ ಅದು ಕಳ್ಳಮಾಲು.

ದೊಡ್ಡ ಪ್ಲಾಂಟರುಗಳ ಮನೆಯ ಜಗಲಿಯಲ್ಲಿ ಕೂತರೆ ಪೂಲ್ ಎಂಬುದು ಬರೀ ಬೇಡಿಯಾಗಿತ್ತು ಎಂಬ ಮಾತೇ ಕಿವಿಗೆ ಬೀಳುತ್ತದೆ. ನಾನು ಪೂರ್ತಿ ಒಪ್ಪುವುದಿಲ್ಲ. ಎರಡು ಎಕರೆಯವನ ಎ ದರ್ಜೆಗೂ ಇನ್ನೂರು ಎಕರೆಯವನ ಎ ದರ್ಜೆಗೂ ಒಂದೇ ಬೆಲೆ ಕೊಟ್ಟ ವ್ಯವಸ್ಥೆ ಅದು. ಸಣ್ಣವನು ಸಂತೆಯ ದಲ್ಲಾಳಿಯ ಬಾಯಿಗೆ ಬೀಳದಂತೆ ಕಾದದ್ದೂ ಅದೇ. ಆದರೆ ಒಳ್ಳೆಯ ಕಾಫಿ ಮಾಡಿದವನಿಗೆ 'ಇದು ನಿನ್ನ ತೋಟದ್ದು' ಎಂದು ಹೇಳುವವರೂ ಇರಲಿಲ್ಲ. ಎಲ್ಲರದ್ದೂ ಒಂದೇ ರಾಶಿಗೆ ಬಿದ್ದು, ತೋಟದ ಗುರುತು ಅಳಿಸಿಹೋಗುತ್ತಿತ್ತು. ಆ ದೂರು ನಿಜ.

ಬೋರ್ಡಿನಿಂದ ಇನ್ನೊಂದು ಕೆಲಸವೂ ಆಯಿತು: ದೇಶದವರಿಗೇ ಕಾಫಿ ಕುಡಿಸಿದ್ದು. ಬೋರ್ಡಿಗೂ ಮೊದಲೇ, 1936ರಲ್ಲಿ ಬೊಂಬಾಯಿಯಲ್ಲಿ ಶುರುವಾಗಿದ್ದ ಕಾಫಿ ಹೌಸ್ ಬೋರ್ಡಿನ ಕಾಲದಲ್ಲಿ ಊರೂರಿಗೆ ಹಬ್ಬಿತು. ನಷ್ಟದ ಕಾರಣ ಹೇಳಿ ಐವತ್ತರ ದಶಕದಲ್ಲಿ ಬೋರ್ಡು ಅವನ್ನು ಮುಚ್ಚಲು ಹೊರಟಿತು. ಆಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ನೌಕರರ ಬೆಂಬಲಕ್ಕೆ ನಿಂತರು. ಕೆಲಸ ಕಳೆದುಕೊಂಡ ನೌಕರರು ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ಸ್ಥಾಪನೆಯಾಯಿತು. ತುರಾಯಿ ಪೇಟ, ಅಗಲ ಪಟ್ಟಿಯ ಬಿಳಿ ಸಮವಸ್ತ್ರದ ಪರಿಚಾರಕರೇ ಅಲ್ಲಿ ಮಾಲೀಕರು. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಗುವವರೆಗೆ ಒಂದು ಕಪ್ಪಿಗೆ ಎರಡು ಗಂಟೆ ಕೂರಬಹುದಾದ ಜಾಗವಾಗಿತ್ತು. ಇನ್ನೊಂದು ಧಾರೆ ಕರಾವಳಿಯಿಂದ ಬಂತು. ಕೋಟ, ಕುಂದಾಪುರ, ಉಡುಪಿಯ ಕಡೆಯ ಅಡಿಗೆಯವರು ಬೆಂಗಳೂರಿಗೆ ಬಂದು ಹೋಟೆಲ್ ತೆರೆದರು. 1924ರಲ್ಲಿ ಮಾವಳ್ಳಿಯ ಎಂಟಿಆರ್, 1943ರಲ್ಲಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. ಮೊದಮೊದಲು ಹೋಟೆಲುಗಳಲ್ಲಿ ಜಾತಿ ನೋಡಿ ಬೇರೆ ಕೋಣೆ, ಬೇರೆ ಲೋಟ ಇಡುತ್ತಿದ್ದರು. ಅದು ಹೋಗಲು ಸ್ವಾತಂತ್ರ್ಯ, ಸಂವಿಧಾನ, ಎಷ್ಟೋ ಜನರ ಹೋರಾಟ ಬೇಕಾಯಿತು. ಒಂದು ಕಾಫಿ ತರಿಸಿ ಇಬ್ಬರು ಹಂಚಿಕೊಳ್ಳುವ 'ಬೈ ಟು' ಇಂದು ನಮಗೆ ಎಷ್ಟು ಸಹಜವೋ, ಅದೇ ಎರಡು ಲೋಟ ಒಂದೇ ಮೇಜಿನ ಮೇಲೆ ಕೂರುವುದು ಒಂದು ಕಾಲದಲ್ಲಿ ಅಷ್ಟು ಕಷ್ಟವಾಗಿತ್ತು.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು. ಎರಡು ವರ್ಷಕ್ಕೆ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಬೆಳೆಗಾರರ ಕೂಗೂ ಜೋರಾಗಿ 1992ರಿಂದ ಪೂಲ್ ಸಡಿಲಗೊಂಡು 1996ರಲ್ಲಿ ಪೂರ್ತಿ ಬಿಟ್ಟುಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಎರಡು ಸಲ ಹಿಮ ಬಿತ್ತು. ಅಲ್ಲಿ ಗಿಡ ಸುಟ್ಟುಹೋದದ್ದಕ್ಕೆ ಇಲ್ಲಿ ಕೊಡಗಿನಲ್ಲಿ, ಸಕಲೇಶಪುರದಲ್ಲಿ ಹೊಸ ಮನೆ ಎದ್ದವು, ಹೊಸ ಕಾರು ಬಂದವು. ಅದೇ ಮಾರುಕಟ್ಟೆ ಕೆಲವೇ ವರ್ಷಗಳಲ್ಲಿ ತಿರುಗಿ ಹೊಡೆಯಿತು. ವಿಯೆಟ್ನಾಂ ರೊಬಸ್ಟಾ ಲೋಕವನ್ನೇ ತುಂಬಿ 2001–02ರ ಹೊತ್ತಿಗೆ ಬೆಲೆ ದಶಕಗಳಲ್ಲೇ ಕಾಣದಷ್ಟು ಇಳಿಯಿತು. ಕುಯ್ದ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಒಣಗಿದ ತೋಟಗಳಿದ್ದವು. ಪೂಲ್ ಮುಗಿದ 1996ರಲ್ಲೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಬಾಗಿಲು ತೆರೆದದ್ದು. ಚಿಕ್ಕಮಗಳೂರಿನ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ ತೋಟದಿಂದ ಕಪ್ಪಿನವರೆಗಿನ ಇಡೀ ದಾರಿಯನ್ನು ಒಂದೇ ಕೈಯಲ್ಲಿ ಹಿಡಿಯಲು ನೋಡಿದರು.

ಇಂದು ತಕ್ಕಡಿ ಮೊಬೈಲಿನಲ್ಲಿದೆ. ಅರೇಬಿಕಾಕ್ಕೆ ನ್ಯೂಯಾರ್ಕಿನ ಟರ್ಮಿನಲ್ ದರ, ರೊಬಸ್ಟಾಕ್ಕೆ ಲಂಡನ್ನಿನದು. ರಾತ್ರಿ ಊಟ ಮುಗಿಸಿ ಸೋಮವಾರಪೇಟೆಯ ಐದೆಕರೆ ಬೆಳೆಗಾರ 'ಟರ್ಮಿನಲ್ ಎಷ್ಟಾಯ್ತು?' ಎಂದು ನೋಡಿಯೇ ಮಲಗುತ್ತಾನೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ದರ ಪೌಂಡಿಗೆ ನಾಲ್ಕು ಡಾಲರ್ ದಾಟಿ ದಾಖಲೆ ಮಾಡಿದಾಗ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ: ಕೊಡಬೇಕೋ, ಇನ್ನೂ ಕಾಯಬೇಕೋ? ವ್ಯಾಪಾರಿ ಬಂದರೆ ಮೊದಲು ಕೇಳುವುದು 'ಓಟಿ ಎಷ್ಟು?' ಎಂದು. ಐವತ್ತು ಕೇಜಿ ಚೀಲದ ಚೆರಿಯಿಂದ ಎಷ್ಟು ಕೇಜಿ ಬೀಜ ಬರುತ್ತದೆ ಎಂಬ ಲೆಕ್ಕ ಅದು. ಸ್ಯಾಂಪಲ್ ತೆಗೆದು, ಹೊಟ್ಟು ಬಿಡಿಸಿ, ಸಣ್ಣ ತಕ್ಕಡಿಯಲ್ಲಿಟ್ಟು, ಇಪ್ಪತ್ತಾರು ಬಂದರೆ ಮುಖ ಅರಳುತ್ತದೆ, ಇಪ್ಪತ್ತಮೂರಾದರೆ ಚೌಕಾಸಿ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಕರ್ನಾಟಕದ್ದು. ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ ಸಣ್ಣವರದೇ. ಆದರೂ ಬೆಲೆ ಹುಟ್ಟುವುದು ಬ್ರೆಜಿಲ್‌ನ ಮಳೆಯಲ್ಲಿ, ಸಾಗರದಾಚೆಯ ಪರದೆಯ ಮೇಲೆ.

ಆ ಬೆಲೆ ಕೊನೆಗೆ ಬಂದು ಇಳಿಯುವುದು ಬಸವನಗುಡಿಯಂಥ ಬಡಾವಣೆಯ ಪುಡಿ ಅಂಗಡಿಯಲ್ಲಿ. ಬೆಳಿಗ್ಗೆ ಎಂಟಕ್ಕೇ ಗ್ರೈಂಡರ್ ಗರ್ ಎನ್ನುತ್ತಿರುತ್ತದೆ. ಎರಡು ಬೀದಿ ಆಚೆಗೇ ಹುರಿದ ಬೀಜದ ಘಮ. ಪಿಬಿಯೂ ಎ ದರ್ಜೆಯೂ ಬೆರೆಸಿದ ಹುಡಿ, ಪಕ್ಕದ ಡಬ್ಬದಲ್ಲಿ ಗುಜರಾತಿನಿಂದ, ಉತ್ತರ ಪ್ರದೇಶದಿಂದ ಬಂದ ಚಿಕೋರಿ. ಕಾನೂನು ನೂರಕ್ಕೆ 49ರವರೆಗೆ ಚಿಕೋರಿಗೆ ಅವಕಾಶ ಕೊಡುತ್ತದೆ. ಅಷ್ಟನ್ನೂ ಪೊಟ್ಟಣದ ಮೇಲೆ ಬರೆಯಬೇಕು. ವರ್ಷಗಳಿಂದ ಎಂಬತ್ತು–ಇಪ್ಪತ್ತು ಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಗೋಡೆಗೆ ಅಂಟಿಸಿದ ಹೊಸ ದರಪಟ್ಟಿ ನೋಡುತ್ತಾ ನಿಲ್ಲುತ್ತಾರೆ.

'ಅದೇ ಅರ್ಧ ಕೇಜಿ ತಾನೆ ಸರ್?' ಅಂಗಡಿಯವರು ಕೇಳುತ್ತಾರೆ.

'ಅರ್ಧ ಕೇಜಿಯೇ. ಈ ಸಲ ಎಪ್ಪತ್ತು–ಮೂವತ್ತು ಮಾಡಿಬಿಡಿ. ಮನೇಲಿ ಹೇಳ್ಬೇಡಿ.'

ಅಂಗಡಿಯವರು ಚಮಚ ಎತ್ತುತ್ತಾರೆ. ಮುಂದಿನ ಗಿರಾಕಿಯದೂ ಅದೇ ಬೇಡಿಕೆ. ಬೆಲೆ ಏರಿದ ವರ್ಷ ಜನ ಕಾಫಿ ಬಿಡುವುದಿಲ್ಲ, ಚಿಕೋರಿ ಹೆಚ್ಚು ಮಾಡಿಕೊಳ್ಳುತ್ತಾರೆ ಎಂಬುದು ಕೌಂಟರಿನ ಆಚೆ ನಿಂತವರಿಗೆಲ್ಲ ಗೊತ್ತು. ಹಾಗಾಗಿ ಅವರು ಚಿಕೋರಿ ಡಬ್ಬವನ್ನು ಈಗ ಕೈಗೆ ಸಿಗುವ ಹಾಗೆ ಮುಂದಕ್ಕೇ ಇಟ್ಟುಕೊಂಡಿದ್ದಾರೆ.